ಬಚ್ಚಲ ನೀರಿನಷ್ಟೇ ಮಲ್ಲಿಗೆ

ನಮ್ಮದು ಕೂಡ್ಲಿಗಿ ಕಡೆಯ ಕೆಂಪು ಮಸಾರಿ ನೆಲ. ಮಳೆ ಬಂದರೆ ಶೇಂಗಾ, ಸಜ್ಜೆ. ಬರದಿದ್ದರೆ ಕೂಲಿ. ಪಕ್ಕದ ಹೂವಿನ ಹಡಗಲಿಯ ಮಲ್ಲಿಗೆ ಹೆಸರು ಕೇಳುತ್ತಲೇ ಬೆಳೆದವರು ನಾವು. ಆ ಹೂವಿಗೆ ಈಗ ಭೌಗೋಳಿಕ ಗುರುತೂ ಸಿಕ್ಕಿದೆ. ‘ನೀವೂ ಅರ್ಧ ಎಕರೆ ಹಚ್ಚಿರಿ, ದಿನಾ ರೊಕ್ಕ’ ಎಂದು ಯಾರಾದರೂ ಅಂದರೆ ಮನಸ್ಸು ಜಾರುತ್ತದೆ. ನನ್ನದೂ ಜಾರಿತ್ತು.

2014ರಲ್ಲಿ ಸಾಲ ಮಾಡಿ ಬೋರು ಹೊಡೆಸಿದೆ. ಎರಡಿಂಚು ನೀರು ಬಿತ್ತು. ಆರಡಿಗೊಂದರಂತೆ 600 ಗಿಡ ಹಚ್ಚಿದೆ. ಮುಂದಿನ ವರ್ಷ ಹೂವೂ ಬಂತು, ಸುಳ್ಳು ಹೇಳಬಾರದು. ಆದರೆ ಮಲ್ಲಿಗೆ ಕೆಲಸ ಶೇಂಗಾದ ಹಾಗಲ್ಲ. ಸಂಜೆಗೆ ಅರಳುವ ಮೊಗ್ಗನ್ನು ನಸುಕಿನಲ್ಲೇ ಬಿಡಿಸಿ ಮೊದಲ ಬಸ್ಸಿಗೆ ಮುಟ್ಟಿಸಬೇಕು. ಬಸ್ಸು ತಪ್ಪಿತೋ, ಆ ದಿನದ ದುಡಿಮೆ ತಪ್ಪಿತು. ಯುಗಾದಿಗೆ ಒಂದು ರೇಟು, ಹಬ್ಬದ ಮರುದಿನ ಬಿಡಿಸಿದ ಕೂಲಿಯೂ ಗಿಟ್ಟೋದಿಲ್ಲ. 2015, 2016 ಎರಡೂ ವರ್ಷ ಮಳೆ ಕೈಕೊಟ್ಟಿತು. ಬೋರು ಮೊದಲು ಕೆಮ್ಮಿತು, ಆಮೇಲೆ ಬರೀ ಗಾಳಿ. ಗಿಡ ಒಣಗಿ ಸೌದೆಯಾದವು. ಸಾಲ ಹಾಗೇ ಉಳಿಯಿತು.

ಅದೇ ಬರದಲ್ಲಿ, ಹಿತ್ತಲಲ್ಲಿ ನಮ್ಮ ಮನೆಯಾಕೆ ಬಚ್ಚಲ ನೀರಿಗೆ ಹಚ್ಚಿದ್ದ ನಾಲ್ಕು ದುಂಡು ಮಲ್ಲಿಗೆ ಗಿಡ ಒಂದೆಲೆ ಬಾಡಲಿಲ್ಲ. ಆಶ್ಚರ್ಯವೇನಿಲ್ಲ. ಐದು ಜನರ ಸ್ನಾನ, ಪಾತ್ರೆ ತೊಳೆದ ನೀರು ಕೂಡಿದರೆ ದಿನಕ್ಕೆ ನೂರು ಲೀಟರ್ ಆಗುತ್ತದೆ. ಬರಗಾಲ ಅಂತ ಮೈ ತೊಳೆಯೋದು ಬಿಡ್ತೀವೇನು? ನಾಲ್ಕು ಗಿಡಕ್ಕೆ ಅದು ಹೆಚ್ಚೇ.

ಅದಕ್ಕೇ ನಾನು ಹೇಳುವುದು, ಮಳೆ ನಂಬಿದವರು ಮಲ್ಲಿಗೆ ಸಲುವಾಗಿ ಬೋರು ಹೊಡೆಸಬಾರದು. ಬಚ್ಚಲ ನೀರು ಎಷ್ಟಿದೆಯೋ ಅಷ್ಟೇ ಗಿಡ. ಹೊಳೆಸಾಲಿನವರ ಮಾತು ಬೇರೆ.

ಮೋರಿ ಬಾಯಿಗೇ ಮಾತ್ರ ಹಚ್ಚಬೇಡಿರಿ. ನೀರು ನಿಂತರೆ ಬೇರು ಕೊಳೆಯುತ್ತದೆ. ಎರಡು ಮಾರು ದೂರಕ್ಕೆ ಕಾಲುವೆ ತೆಗೆದು, ಒಂದೂವರೆ ಅಡಿ ಗುಂಡಿಗೆ ಎರಡು ಪುಟ್ಟಿ ತಿಪ್ಪೆಗೊಬ್ಬರ ಹಾಕಿ ಹಚ್ಚಬೇಕು. ಬಟ್ಟೆ ಸೋಪಿನ ನೀರು ಬೇರೆ ಕಡೆ ಬಿಡಿರಿ. ನಮ್ಮಲ್ಲಿ ಅದು ಹರಿದ ಗಿಡದ ಎಲೆ ಹಳದಿ ತಿರುಗಿತ್ತು. ಲೀಟರಿಗೆ 5 ಗ್ರಾಂ ಅನ್ನಭೇದಿ ಕಲಸಿ ಸಿಂಪಡಿಸಿದ ಮೇಲೆ ಸರಿಹೋಯಿತು.

ಗಿಡ ವರ್ಷವಿಡೀ ಹಸಿರಾಗಿರುತ್ತದೆ, ಹೀಗಾಗಿ ಕತ್ತರಿಸಲು ಕೈ ಬರುವುದಿಲ್ಲ. ಕತ್ತರಿಸಲೇಬೇಕು. ನವೆಂಬರ್ ಕೊನೆಗೆ ನೀರನ್ನು ನುಗ್ಗೆ ಗಿಡಕ್ಕೆ ತಿರುಗಿಸಿ, ಮಲ್ಲಿಗೆಯನ್ನು ಮೊಳದೆತ್ತರಕ್ಕೆ ಸವರಿದರೆ ಮಾರ್ಚಿಗೆ ಮೊಗ್ಗು ಕಾಣುತ್ತದೆ. ಮೊದಲ ಸಲ ನಾನು ಸವರಿದಾಗ ಮನೆಯಾಕೆ ಎರಡು ದಿನ ಮಾತು ಬಿಟ್ಟಿದ್ದಳು.

ಬೇಸಿಗೆ ತುಂಬ ಆಕೆ ಮಾಲೆ ಕಟ್ಟಿ ಓಣಿಯಲ್ಲೇ ಮಾರುತ್ತಾಳೆ. ರೊಕ್ಕ ಎಷ್ಟಾಯಿತು ಅಂತ ನಾನು ಕೇಳಿಲ್ಲ, ಕೇಳಿದರೂ ಹೇಳೋದಿಲ್ಲ. 2017ರಲ್ಲಿ ಬೋರಿನ ಸಾಲದ ಬಡ್ಡಿಗೆ ನಾನು ಪರದಾಡುವಾಗ ಅಡಿಗೆಮನೆ ಡಬ್ಬಿಯಿಂದ ಬಂದದ್ದು ಅದೇ ಹೂವಿನ ರೊಕ್ಕ.

ಮಳೆಗಾಲದಲ್ಲಿ ಕೆಳಗಿನ ಎರಡು ಕೊಂಬೆ ಬಾಗಿಸಿ, ಮಣ್ಣು ಮುಚ್ಚಿ ಕಲ್ಲು ಹೇರಿದ್ದೇವೆ. ಬೇರು ಬಿಟ್ಟ ಮೇಲೆ ಒಂದು ಮಗಳ ಮನೆಗೆ. ಇನ್ನೊಂದಕ್ಕೆ ಪಕ್ಕದ ಮನೆಯವರು ಆಗಲೇ ಹೇಳಿಟ್ಟಿದ್ದಾರೆ.