ಮೊಬೈಲ್ ನಮ್ಮದು, ಅಪ್ಪಣೆ ಗೂಗಲ್‌ನದೇ?

ಕನ್ನಡಿಗರೇ, ನಿಮ್ಮ ಜೇಬಿನಲ್ಲಿರುವ ಮೊಬೈಲಿನ ಒಡೆಯ ಯಾರು? ದುಡ್ಡು ಕೊಟ್ಟವರು ನೀವು. ಆದರೆ ಅದರಲ್ಲಿ ಯಾವ ತಂತ್ರಾಂಶ ಇರಬೇಕು, ಯಾವುದು ಇರಬಾರದು ಎಂದು ಅಪ್ಪಣೆ ಕೊಡಲು ಹೊರಟಿರುವುದು ಅಮೆರಿಕದ ಗೂಗಲ್ ಕಂಪನಿ!

ಆ್ಯಪ್ ಬೇಕೆಂದರೆ ಪ್ಲೇ ಸ್ಟೋರ್ ಒಂದೇ ಗತಿ ಎಂದು ಬಹಳ ಜನ ನಂಬಿದ್ದಾರೆ. ಸುಳ್ಳು. ಆಂಡ್ರಾಯ್ಡ್ ಫೋನಿಗೆ 2010ರಿಂದಲೂ ಎಫ್-ಡ್ರಾಯ್ಡ್ ಎಂಬ ಇನ್ನೊಂದು ಅಂಗಡಿ ಇದೆ. ಅಂಗಡಿ ಎಂದರೂ ಅಲ್ಲಿ ಕಾಸು ಕೇಳುವವರಿಲ್ಲ, ಹೆಸರು, ಫೋನ್ ನಂಬರ್ ಬರೆಸಿಕೊಳ್ಳುವವರಿಲ್ಲ. ಅಲ್ಲಿರುವುದೆಲ್ಲ ಸ್ವತಂತ್ರ ತಂತ್ರಾಂಶ. ಅದರ ಮೂಲ ಬರಹವನ್ನು, ಸೋರ್ಸ್ ಕೋಡ್ ಅನ್ನುತ್ತಾರಲ್ಲ, ಅದನ್ನು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ಹಂಚಬಹುದು. ಯಾವುದಾದರೂ ಆ್ಯಪಿನಲ್ಲಿ ಜಾಹೀರಾತೋ ಬೇಹುಗಾರಿಕೆಯೋ ಇದ್ದರೆ ಮುಚ್ಚಿಡದೆ ಚೀಟಿ ಅಂಟಿಸಿರುತ್ತಾರೆ.

ಇದರಿಂದ ಕನ್ನಡಕ್ಕೇನು ಬಂತು ಎನ್ನುತ್ತೀರಾ? ನನ್ನ ಕಸುಬಿನ ಮಾತಿನಲ್ಲೇ ಹೇಳುತ್ತೇನೆ. ನಮ್ಮಪ್ಪ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ, ಕೊಂಡ ಮೊಳೆ ಪ್ರೆಸ್ಸಿನವನ ಸ್ವತ್ತು. ಸವೆದರೆ ಕರಗಿಸಿ ಮತ್ತೆ ಎರಕ ಹೊಯ್ಸಬಹುದಿತ್ತು. ಡಿಟಿಪಿ ಬಂತು, ಕನ್ನಡದ ಅಕ್ಷರ ಕಂಪನಿಗಳ ಕೈ ಸೇರಿತು. ನಾನು ಕೊಂಡ ಒಂದು ಕನ್ನಡ ತಂತ್ರಾಂಶ ನಡೆಯಬೇಕಾದರೆ ಕಂಪ್ಯೂಟರಿನ ಹಿಂದೆ ಬೆರಳುದ್ದದ ಬೀಗವೊಂದನ್ನು ಸಿಕ್ಕಿಸಬೇಕಿತ್ತು. ಬೀಗ ಕೆಟ್ಟಿತು. ಹೊಸದಾಗಿ ಎಲ್ಲವನ್ನೂ ಕೊಳ್ಳಿ ಎಂದರು. ಹಳೆಯ ಫೈಲನ್ನು ಬೇರೆ ಫಾಂಟಿನಲ್ಲಿ ತೆರೆದರೆ ಕನ್ನಡದ ಬದಲು ಬರೀ ಕಸ! ಎರಡು ಪುಸ್ತಕಗಳನ್ನು ಮತ್ತೆ ಮೊದಲಿನಿಂದ ಟೈಪ್ ಮಾಡಿಸಿದೆ.

ಈಗ ಎಫ್-ಡ್ರಾಯ್ಡಿನ ಹೆಲಿಬೋರ್ಡ್ ಎಂಬ ಕೀಲಿಮಣೆಯನ್ನು ನೋಡಿ. ಓಪನ್‌ಬೋರ್ಡ್ ಎಂಬ ಕೀಲಿಮಣೆಯ ಕೆಲಸ ನಿಂತುಹೋದಾಗ ಬೇರೆಯವರು ಅದರ ಕೋಡ್ ಎತ್ತಿಕೊಂಡು ಇದನ್ನು ಬೆಳೆಸಿದರು. ಯಾರ ಬೀಗವೂ ಅಡ್ಡ ಬರಲಿಲ್ಲ. ಕನ್ನಡವೂ ಅದರಲ್ಲಿದೆ. ಇಂಟರ್ನೆಟ್ ಅನುಮತಿಯನ್ನೇ ಅದು ಕೇಳುವುದಿಲ್ಲ, ಹಾಗಾಗಿ ನೀವು ಒತ್ತಿದ ಅಕ್ಷರವನ್ನು ಇನ್ಯಾರಿಗೋ ಕಳಿಸುವ ಮಾತೇ ಇಲ್ಲ. ಇನ್ನು ಇಂಡಿಕ್ ಕೀಬೋರ್ಡ್ ಹುಟ್ಟಿದ್ದು ಮಲಯಾಳಿಗಳ 'ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್' ಬಳಗದಲ್ಲಿ. ಅವರು ಕನ್ನಡಕ್ಕೂ ಜಾಗ ಕೊಟ್ಟರು. ನಮ್ಮ ಎಂಜಿನಿಯರುಗಳಿಗೆ ಬಿಡುವಿಲ್ಲವೇನೋ!

ಇಂಥ ಅಂಗಡಿಗೆ ಈಗ ಕುತ್ತು ಬಂದಿದೆ. ಪ್ಲೇ ಸ್ಟೋರಿನ ಹೊರಗೆ ಆ್ಯಪ್ ಹಂಚುವವರೂ ತಮ್ಮ ಗುರುತುಚೀಟಿ ತೋರಿಸಿ ತನ್ನಲ್ಲಿ ನೋಂದಾಯಿಸಬೇಕು ಎಂದು ಗೂಗಲ್ 2025ರ ಆಗಸ್ಟ್‌ನಲ್ಲಿ ಸಾರಿತು. 2026ರ ಸೆಪ್ಟೆಂಬರ್‌ಗೆ ಬ್ರೆಜಿಲ್, ಇಂಡೋನೇಷ್ಯಾ, ಸಿಂಗಪುರ, ಥಾಯ್ಲೆಂಡ್. 2027ರಿಂದ ಉಳಿದ ದೇಶಗಳು ಎಂಬುದು ಅದರ ಲೆಕ್ಕ. ಹೀಗಾದರೆ ನಮ್ಮ ಯೋಜನೆಯೇ ಮುಗಿಯುತ್ತದೆ ಎಂದು ಎಫ್-ಡ್ರಾಯ್ಡ್ ಬಹಿರಂಗವಾಗಿ ಹೇಳಿತು. ಕೂಗೆದ್ದ ಮೇಲೆ ನವೆಂಬರ್‌ನಲ್ಲಿ ಗೂಗಲ್, ಅನುಭವಿಗಳಿಗೆ ಬೇರೆ ದಾರಿ ಬಿಡುತ್ತೇವೆ ಎಂದಿತು. ಮೋಸದ ಆ್ಯಪ್ ತಡೆಯಲು ಇದೆಲ್ಲ ಎಂಬುದು ಅದರ ವಾದ. ಮೋಸಗಾರರು ಇದ್ದಾರೆ, ಒಪ್ಪೋಣ. ಹಾಗೆಂದು ನಮ್ಮ ಮನೆಗೆ ಯಾರು ಬರಬೇಕೆಂದು ಬೀದಿಯ ದೊಡ್ಡ ಅಂಗಡಿಯವನು ಚೀಟಿ ಕೊಡುವುದು ಯಾವ ನ್ಯಾಯ ಸ್ವಾಮಿ? ಆಂಡ್ರಾಯ್ಡ್ ಹಿಡಿತವನ್ನು ದುರ್ಬಳಕೆ ಮಾಡಿಕೊಂಡಿತೆಂದು ನಮ್ಮ ಸ್ಪರ್ಧಾ ಆಯೋಗವೇ 2022ರ ಅಕ್ಟೋಬರ್‌ನಲ್ಲಿ ಈ ಕಂಪನಿಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತ್ತು.

ಬ್ಯಾಂಕಿನ ಆ್ಯಪ್, ಯುಪಿಐ ಆ್ಯಪ್ ಎಫ್-ಡ್ರಾಯ್ಡಿನಲ್ಲಿ ಸಿಗುವುದಿಲ್ಲ. ಅದಕ್ಕೆ ಪ್ಲೇ ಸ್ಟೋರ್ ಇರಲಿ, ಎರಡೂ ಒಂದೇ ಫೋನಿನಲ್ಲಿ ಇರುತ್ತವೆ. ಓಪನ್‌ಸ್ಟ್ರೀಟ್‌ಮ್ಯಾಪ್ ಭೂಪಟ ತೋರಿಸುವ ಆಸ್ಮ್‌ಆ್ಯಂಡ್, ಇಂಟರ್ನೆಟ್ ಇಲ್ಲದೆ ವಿಕಿಪೀಡಿಯ ಓದಿಸುವ ಕಿವಿಕ್ಸ್ ಅಲ್ಲಿವೆ. ಕಾಲೇಜಿನ ಹುಡುಗರಿಗೆ ಒಂದು ಮಾತು: ಎಫ್-ಡ್ರಾಯ್ಡಿನ ಅನುವಾದ ನಡೆಯುವುದು ವೆಬ್‌ಲೇಟ್ ಎಂಬ ತಾಣದಲ್ಲಿ. ಅಲ್ಲಿ ಕೂತು ಕನ್ನಡದ ಸಾಲು ತುಂಬಲು ಯಾವ ಕಂಪನಿಗೂ ಅರ್ಜಿ ಹಾಕಬೇಕಿಲ್ಲ. ಉಳಿದವರು ಸ್ಪರ್ಧಾ ಆಯೋಗಕ್ಕೆ ಪತ್ರ ಬರೆಯಿರಿ, 2027 ಬರುವವರೆಗೆ ಕಾಯಬೇಡಿ.