ಅರ್ಧವಾದರೆ ಸಾಲದು

ಸಮಮಿತಿ ರೇಖೆಗೆ ಕಾಗದ, ಕತ್ತರಿ, ಕನ್ನಡಿಯ ರಂಪಾಟವೇಕೆ, ಆಕೃತಿಯನ್ನು ಸರಿಯಾಗಿ ಅರ್ಧ ಮಾಡುವ ಗೆರೆ ಎಂದು ಹೇಳಿ ಚೌಕಕ್ಕೆ 4, ಆಯತಕ್ಕೆ 2 ಎಂದು ಉರುಹಚ್ಚಿಸಿದರೆ ಮುಗಿಯಿತು ಎನ್ನುತ್ತದೆ ಕಳೆದ ಸಂಚಿಕೆಯ ಲೇಖನ. ಮುಗಿಯುವುದಿಲ್ಲ, ಏಕೆಂದರೆ ಆ ವ್ಯಾಖ್ಯೆಯೇ ತಪ್ಪು. ಆಯತದ ಕರ್ಣವೂ ಅದನ್ನು ಸರಿಸಮ ಅರ್ಧ ಮಾಡುತ್ತದೆ. ನೋಟ್‌ಬುಕ್ಕಿನ ಹಾಳೆಯನ್ನು ಆ ಗೆರೆಯ ಮೇಲೆ ಮಡಚಿ ನೋಡಿ: ಮೂಲೆಗಳು ಕೂಡುವುದೇ ಇಲ್ಲ. ಅಕ್ಕಪಕ್ಕದ ಬಾಹುಗಳು ಅಸಮವಾದ ಓರೆ ಸಮಾಂತರ ಚತುರ್ಭುಜ ಇನ್ನೂ ಮೋಸಗಾರ. ಅರ್ಧ ಮಾಡುವ ಗೆರೆ ಎಷ್ಟು ಬೇಕಾದರೂ ಉಂಟು, ಸಮಮಿತಿ ರೇಖೆ ಒಂದೂ ಇಲ್ಲ. ಉರುಹಚ್ಚಿದ ಮಗು ಇಲ್ಲಿ ಎಡವದೆ ಇರುತ್ತದೆಯೇ?

ಆ ಲೇಖನದ ಪ್ರಕಾರ, ಅಂಗಳದಲ್ಲಿ ದಿನಾ ಕೋಲ (ರಂಗೋಲಿ) ನೋಡುವ ತಮಿಳುನಾಡಿನ ಸೇಲಂ, ಧರ್ಮಪುರಿಯ ಮಕ್ಕಳಿಗೆ ಸಮಮಿತಿ ತಾನಾಗಿ ಬರುತ್ತದಂತೆ! ಚುಕ್ಕಿ ಸುತ್ತಿ ಹೆಣೆಯುವ ಕೋಲಗಳಲ್ಲಿ ಕೆಲವು ಕಾಲುಸುತ್ತು ತಿರುಗಿಸಿದರೆ ಹಾಗೇ ಕಾಣುತ್ತವೆ, ಆದರೆ ಕನ್ನಡಿ ಇಟ್ಟರೆ ಹೊಂದುವುದಿಲ್ಲ. ಈ ವ್ಯತ್ಯಾಸವನ್ನು ಯಾರಾದರೂ ತೋರಿಸಬೇಕು. ಮನೆಯಂಗಳ ಪಾಠ ಮಾಡುವುದಿಲ್ಲ.

ತೋರಿಸಲು ದುಡ್ಡೇನೂ ಬೇಡ. ಸೇಲಂನಲ್ಲಿ ಕನ್ನಡ ಮಾತಾಡುವ ದೇವಾಂಗರ ನೇಯ್ಗೆ ಮನೆಗಳಿವೆ. ಎರಡೂ ಅಂಚು ಒಂದೇ ಅಗಲವಿರುವ ಸಾದಾ ಒಡಲಿನ ಸೀರೆಯನ್ನು ಉದ್ದಕ್ಕೆ ಮಡಚಿದರೆ ಅಂಚಿನ ಮೇಲೆ ಅಂಚು ಕೂರುತ್ತದೆ. ಅಡ್ಡಕ್ಕೆ ಮಡಚಿದರೆ ಕೂರುವುದಿಲ್ಲ, ಸೆರಗಿರುವುದು ಒಂದೇ ತುದಿಯಲ್ಲಿ. ಶಾಲೆಯಲ್ಲಿ ಕಲಿಯುವ ತಮಿಳಿನ ‘ಪ’ ಅಕ್ಷರಕ್ಕೆ ನಡುವೆ ನೆಟ್ಟಗೆ ಒಂದು ರೇಖೆಯಿದೆ. ಮನೆಮಾತಾದ ಕನ್ನಡದ ‘ಪ’ಕ್ಕೆ ಇದೆಯೇ ಎಂದು ಕೇಳಿ, ಕೈಗೊಂದು ಚೂರು ಕನ್ನಡಿ ಕೊಡಿ. ಕನ್ನಡಿಯ ಅಂಚು ಉಜ್ಜಿದ್ದಿರಲಿ, ಇಲ್ಲದಿದ್ದರೆ ಬೆರಳು ಕೊಯ್ದೀತು.