ಸಂಪಾದಕರ ಮಾತು: ಜೀತಮುಕ್ತಿಗೊಂದು ದಿನ, ರಜೆ ಯಾರಿಗೆ?

ಜೀತ ಪದ್ಧತಿಯನ್ನು ರದ್ದು ಮಾಡಿದ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 1976ರ ಫೆಬ್ರುವರಿ 9ರಂದು. ಕರ್ನಾಟಕದ ಸರ್ಕಾರಿ ಕಚೇರಿಗಳೂ ಕಾನೂನು ಸೇವಾ ಪ್ರಾಧಿಕಾರಗಳೂ ಆ ದಿನವನ್ನು ಜೀತ ಪದ್ಧತಿ ನಿರ್ಮೂಲನಾ ದಿನವೆಂದು ಆಚರಿಸುತ್ತವೆ. ಆಚರಣೆಯೆಂದರೆ ಬ್ಯಾನರು, ದೀಪ, ಪ್ರತಿಜ್ಞಾವಿಧಿ, ಕೊನೆಗೆ ವಂದನಾರ್ಪಣೆ. ಇಂಥ ದಿನಕ್ಕೆ ರಜೆ ಇರಬೇಕೇ, ಇದ್ದರೆ ಯಾವ ತಾರೀಕು, ಯಾರಿಗೆ ಎಂಬ ಪ್ರಶ್ನೆ 2021ರಲ್ಲಿ ಅಮೆರಿಕ ಜೂನ್ 19ನ್ನು ರಾಷ್ಟ್ರೀಯ ರಜೆ ಎಂದು ಸಾರಿದ ಮೇಲೆ ಹೊಸದಾಗಿ ಕೇಳುವಂತಾಗಿದೆ. ಕೊಡಗಿನ ಕಾಫಿ ತೋಟಗಳ ಸೋಮವಾರಪೇಟೆ ಸೀಮೆಗೆ ಇದು ಸಾಗರದಾಚೆಯ ಸುದ್ದಿಯಲ್ಲ. ಇದಕ್ಕೆ ಸುಮಾರು ಇನ್ನೂರು ವರ್ಷಗಳ ಇತಿಹಾಸ ಇಲ್ಲೇ ಇದೆ.

ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮಗಿರಿಯನ್ನು ಕೊನೆಗಾಣಿಸಿದ ಕಾಯ್ದೆ 1833ರಲ್ಲಿ ಪಾಸಾಗಿ 1834ರ ಆಗಸ್ಟ್ 1ರಂದು ಜಾರಿಗೆ ಬಂತು. ಕೆರಿಬಿಯನ್ ದ್ವೀಪಗಳಲ್ಲಿ ಇಂದಿಗೂ ಆಗಸ್ಟ್ 1 ವಿಮೋಚನೆಯ ಹಬ್ಬ. ಆದರೆ ಅದೇ ಕಾಯ್ದೆಯ 64ನೇ ಕಲಮು ಈಸ್ಟ್ ಇಂಡಿಯಾ ಕಂಪನಿಯ ಪ್ರದೇಶಗಳನ್ನು ಹೊರಗಿಟ್ಟಿತ್ತು. ಚಿಕ್ಕವೀರರಾಜೇಂದ್ರನನ್ನು ಪಟ್ಟದಿಂದಿಳಿಸಿ ಕಂಪನಿ ಕೊಡಗನ್ನು ತನ್ನ ಆಳ್ವಿಕೆಗೆ ಸೇರಿಸಿಕೊಂಡ ಘೋಷಣೆ 1834ರ ಮೇ 7ರದ್ದು. ಅದಾಗಿ ಮೂರು ತಿಂಗಳೂ ತುಂಬುವ ಮೊದಲೇ ಜಮೈಕಾದ ಗುಲಾಮನಿಗೆ ಕಾನೂನಿನ ಬಿಡುಗಡೆ ಸಿಕ್ಕಿತು. ಕೊಡಗಿನ ಆಳಿಗೆ ಸಿಕ್ಕಿದ್ದು ಹೊಸ ದೊರೆ ಮಾತ್ರ.

ಆ ಆಳುಗಳಲ್ಲಿ ಎರಡು ಬಗೆಯವರನ್ನು ಅಂದಿನ ಬರಹಗಳು ಹೆಸರಿಸುತ್ತವೆ. ಭೂಮಿ ಜಮ್ಮದವರು ಮಣ್ಣಿಗೆ ಅಂಟಿದವರು. ಗದ್ದೆ ಕೈ ಬದಲಾದರೆ ಅವರೂ ಅದರ ಜೊತೆಗೇ ಹೋಗಬೇಕು. ಒಕ್ಕಲು ಜಮ್ಮದವರು ಒಡೆಯನ ಮನೆತನಕ್ಕೆ ಸೇರಿದವರು. ಅವರನ್ನು ಒಡೆಯ ಎಲ್ಲಿಗಾದರೂ ಕಳಿಸಬಹುದು. ಹೊಲೆಯರೆಂದೂ ಯರವರೆಂದೂ ದಾಖಲಾದ ಈ ಜನರ ದುಡಿಮೆಯ ಮೇಲೆಯೇ ಕೊಡಗಿನ ಭತ್ತದ ಗದ್ದೆಗಳು ನಿಂತಿದ್ದವು. ಇಂದು ಜಮ್ಮಾ ಎಂಬ ವಂಶಪಾರಂಪರ್ಯ ಹಿಡುವಳಿಯ ವಾದ ಬಂದಾಗ ಗದ್ದೆಗೆ ಸೇರಿದ ಬಾಣೆ ಜಮೀನಿನ ಪ್ರತಿ ಸೆಂಟಿನ ಲೆಕ್ಕವೂ ಹೊರಬರುತ್ತದೆ, ಕೋವಿ ಪರವಾನಗಿಯ ವಿನಾಯಿತಿಯ ಇತಿಹಾಸವೂ ಹೊರಬರುತ್ತದೆ. ಆ ಮಣ್ಣಿನ ಜೊತೆ ಬರೆಸಿಕೊಂಡಿದ್ದ ಮನುಷ್ಯರ ಲೆಕ್ಕವನ್ನು ಮಾತ್ರ ಯಾರೂ ಕೇಳುವುದಿಲ್ಲ.

ಕಂಪನಿ ಸರ್ಕಾರ ಈ ವಿಷಯಕ್ಕೆ ಕೈಹಾಕಿದ್ದು 1843ರ ಏಪ್ರಿಲ್ 7ರ ಐದನೇ ಕಾಯ್ದೆಯ ಮೂಲಕ. ಅದರಲ್ಲಿದ್ದದ್ದು ನಾಲ್ಕೇ ಕಲಮು. ಗುಲಾಮನೆಂಬ ಕಾರಣಕ್ಕೆ ಯಾರನ್ನೂ ಕಂದಾಯದ ಬಾಕಿಗೋ ಡಿಕ್ರಿಗೋ ಸರ್ಕಾರಿ ಅಧಿಕಾರಿ ಮಾರುವಂತಿಲ್ಲ. ಒಡೆತನದ ಹಕ್ಕನ್ನು ಕೋರ್ಟು ಎತ್ತಿಹಿಡಿಯುವಂತಿಲ್ಲ. ಅಂಥವನು ದುಡಿದು ಗಳಿಸಿದ ಆಸ್ತಿಯನ್ನು ಕಿತ್ತುಕೊಳ್ಳುವಂತಿಲ್ಲ. ಅವನ ಮೇಲಿನ ಹಲ್ಲೆಯೂ ಉಳಿದವರ ಮೇಲಿನ ಹಲ್ಲೆಯಷ್ಟೇ ಅಪರಾಧ. ಗುಲಾಮರನ್ನು ಇಟ್ಟುಕೊಂಡವನಿಗೆ ಶಿಕ್ಷೆಯ ಮಾತಿಲ್ಲ. ಕೊಳ್ಳುವುದು, ಮಾರುವುದು ಅಪರಾಧವಾಗಲು 1862ರ ಜನವರಿ 1ರಂದು ದಂಡಸಂಹಿತೆ ಜಾರಿಯಾಗುವ ತನಕ ಕಾಯಬೇಕಾಯಿತು. ಒಡೆಯನ ಬೆನ್ನಿಗಿದ್ದ ಕಾನೂನು ಸರಿದು ನಿಂತಿತು, ಆಳಿನ ಬೆನ್ನಿಗೆ ಬಂದು ನಿಲ್ಲಲಿಲ್ಲ. ಈ ಕಾಯ್ದೆ ಬಂದ ಸುದ್ದಿಯನ್ನು ಗದ್ದೆಯ ಏರಿಯ ಮೇಲೆ ನಿಂತು ಓದಿ ಹೇಳಬೇಕಾದ ಹಂಗು ಯಾವ ಅಧಿಕಾರಿಗೂ ಇರಲಿಲ್ಲ.

ಕನ್ನಡ ಪತ್ರಿಕಾಲೋಕ ಗಮನಿಸಬೇಕಾದ ಸಂಗತಿಯೊಂದು ಇಲ್ಲಿದೆ. ಆ ಕಾಯ್ದೆ ಬಂದು ಮೂರು ತಿಂಗಳೂ ಕಳೆಯದೆ, 1843ರ ಜುಲೈ 1ರಂದು, ಹರ್ಮನ್ ಮೊಗ್ಲಿಂಗ್ ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ. ಪ್ರತಿ ಜುಲೈ 1ಕ್ಕೆ ಪತ್ರಿಕಾ ದಿನಾಚರಣೆ, ಮೊಗ್ಲಿಂಗನ ಪಟಕ್ಕೆ ಹಾರ. ಅದೇ ಮೊಗ್ಲಿಂಗ್ ಮುಂದೆ ಕೊಡಗಿಗೆ ಬಂದು, 1855ರಲ್ಲಿ ಇಲ್ಲಿನ ಜನಜೀವನದ ಬಗ್ಗೆ ಪುಸ್ತಕ ಬರೆದು, ಇದೇ ಆಳುಗಳ ನಡುವೆ ಕೆಲಸ ಮಾಡಿ ಆನಂದಪುರದಲ್ಲಿ ಅವರಿಗೊಂದು ನೆಲೆ ಕಟ್ಟಿದ. ಮತಾಂತರದ ಉದ್ದೇಶ ಅವನಿಗಿತ್ತು, ಅದನ್ನು ಅವನು ಮುಚ್ಚಿಡಲೂ ಇಲ್ಲ. ಆದರೆ ಹಾರ ಹಾಕುವವರ ಭಾಷಣಗಳು ಮಂಗಳೂರಿನ ಮುದ್ರಣಾಲಯಕ್ಕೇ ಮುಗಿಯುತ್ತವೆ, ಕೊಡಗಿನ ತನಕ ಬರುವುದಿಲ್ಲ. ಹಾಗೆಯೇ 1837ರಲ್ಲಿ ಬ್ರಿಟಿಷರ ವಿರುದ್ಧ ಎದ್ದು, ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿದ ಗುಡ್ಡೆಮನೆ ಅಪ್ಪಯ್ಯ ಗೌಡರ ನೆನಪು ಈಗ ಜಿಲ್ಲೆಯಲ್ಲಿ ಗಟ್ಟಿಯಾಗಿದೆ. ಅದು ಸರಿಯೂ ಹೌದು. ಆದರೆ 1843ರ ಆ ಏಪ್ರಿಲ್ 7ನ್ನು ನೆನೆಯುವ ಒಂದು ಸಂಘವೂ ಹುಟ್ಟಲಿಲ್ಲ, ಯಾಕೆಂದರೆ ಅದು ಯಾರ ಮನೆತನದ ಕಥೆಯೂ ಅಲ್ಲ.

1854ರಿಂದ ಯುರೋಪಿಯನ್ನರ ಕಾಫಿ ತೋಟಗಳು ಎದ್ದಾಗ ಹಳೆಯ ಆಳುತನದ ಜಾಗಕ್ಕೆ ಮುಂಗಡ ಬಂತು. ಮೇಸ್ತ್ರಿ ಮೈಸೂರು ಸೀಮೆಗೂ ಘಟ್ಟದ ಕೆಳಗೂ ಹೋಗಿ ದುಡ್ಡು ಕೊಟ್ಟು ಆಳು ತರುತ್ತಿದ್ದ. ಮುಂಗಡ ಪಡೆದು ಕೆಲಸಕ್ಕೆ ಬಾರದವನಿಗೆ ಮೂರು ತಿಂಗಳವರೆಗೆ ಜೈಲು ವಿಧಿಸಲು 1859ರ ಕಾಯ್ದೆಯೊಂದು ದಾರಿ ಮಾಡಿತ್ತು. ಸಾಲ ತೀರಿಸದ ಸಾಹುಕಾರನದು ಸಿವಿಲ್ ವ್ಯಾಜ್ಯ. ಮುಂಗಡ ತೀರಿಸದ ಕೂಲಿಯದು ಕ್ರಿಮಿನಲ್ ಅಪರಾಧ! ಆ ಕಾಯ್ದೆ ರದ್ದಾಗಲು 1920ರ ದಶಕ ಬರಬೇಕಾಯಿತು. ಮುಂಗಡ ಮಾತ್ರ ಇಂದಿಗೂ ರದ್ದಾಗಿಲ್ಲ.

ಸ್ವತಂತ್ರ ಭಾರತದ ಸಂವಿಧಾನ 23ನೇ ವಿಧಿಯಲ್ಲಿ ಬಿಟ್ಟಿ ದುಡಿಮೆಯನ್ನು ನಿಷೇಧಿಸಿತು. ಅದನ್ನು ನೆಲಕ್ಕೆ ಇಳಿಸುವ ಕಾನೂನಿಗೆ ಇನ್ನೂ ಕಾಲು ಶತಮಾನ ಬೇಕಾಯಿತು. ಬಂದದ್ದು ತುರ್ತುಪರಿಸ್ಥಿತಿಯ ನಡುವೆ, ಇಪ್ಪತ್ತು ಅಂಶಗಳ ಕಾರ್ಯಕ್ರಮದ ಭಾಗವಾಗಿ. 1975ರ ಅಕ್ಟೋಬರ್‌ನಲ್ಲಿ ಸುಗ್ರೀವಾಜ್ಞೆ, ಮರು ಫೆಬ್ರುವರಿಯಲ್ಲಿ ಕಾಯ್ದೆ. ಬಿ. ವಿ. ಕಾರಂತರ ‘ಚೋಮನ ದುಡಿ’ ಸಿನಿಮಾ ಕೂಡ 1975ರದ್ದೇ. ಜೀತದಾಳು ಚೋಮನ ಬಗ್ಗೆ ಅಂದಿನಿಂದ ನಡೆದಿರುವ ವಿಚಾರಸಂಕಿರಣಗಳಿಗೆ ಲೆಕ್ಕವಿಲ್ಲ. ಆ ಕಾಯ್ದೆಯ ಬಗ್ಗೆ ಸಾಹಿತ್ಯಲೋಕದಲ್ಲಿ ಒಂದು ಗಂಭೀರ ಗೋಷ್ಠಿ ನಡೆದದ್ದಿದ್ದರೆ ಅದು ಯಾರ ನೆನಪಿನಲ್ಲೂ ಉಳಿದಿಲ್ಲ. ಕಾಯ್ದೆಯ ಪ್ರಕಾರ ಜೀತಕ್ಕೆ ಇಟ್ಟುಕೊಂಡವನಿಗೆ ಮೂರು ವರ್ಷದವರೆಗೆ ಸಜೆ, ಎರಡು ಸಾವಿರ ರೂಪಾಯಿವರೆಗೆ ದಂಡ. 1976ರಲ್ಲಿ ಎರಡು ಸಾವಿರಕ್ಕೆ ಒಂದು ತೂಕವಿತ್ತು. 1982ರಲ್ಲಿ, ಏಷ್ಯಾಡ್ ಕ್ರೀಡಾಕೂಟದ ಕಾಮಗಾರಿಯ ಕೂಲಿಗಳ ಪ್ರಕರಣದಲ್ಲಿ, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ 23ನೇ ವಿಧಿಯ ಉಲ್ಲಂಘನೆ ಎಂದು ಸುಪ್ರೀಂ ಕೋರ್ಟ್ ಹೇಳಿತು. ಆ ಅಳತೆಗೋಲನ್ನು ತೋಟಗಳ ಕೂಲಿ ಪುಸ್ತಕಗಳ ಮೇಲೆ ಇಟ್ಟು ನೋಡುವ ಉತ್ಸಾಹ ಹೆಚ್ಚು ಜನರಿಗೆ ಇಲ್ಲ.

ಅಮೆರಿಕದ ಜೂನ್ 19ಕ್ಕೆ ಬಂದರೆ, ಅದು ತಡವಾದ ಸುದ್ದಿಯ ದಿನ. ಲಿಂಕನ್ನನ ವಿಮೋಚನಾ ಘೋಷಣೆ 1863ರ ಜನವರಿ 1ರದ್ದು. ಟೆಕ್ಸಾಸ್‌ನ ಗಾಲ್ವೆಸ್ಟನ್‌ನಲ್ಲಿ ಜನರಲ್ ಗಾರ್ಡನ್ ಗ್ರೇಂಜರ್ ಅದನ್ನು ಜಾರಿಗೊಳಿಸುವ ಆದೇಶ ಹೊರಡಿಸಿದ್ದು 1865ರ ಜೂನ್ 19ರಂದು. ಎರಡೂವರೆ ವರ್ಷ ತಡ. ಅದೇ ಆದೇಶದ ಕೊನೆಯಲ್ಲಿ, ಬಿಡುಗಡೆಯಾದವರು ಇದ್ದ ಮನೆಗಳಲ್ಲೇ ಸದ್ದಿಲ್ಲದೆ ಇದ್ದು ಕೂಲಿಗೆ ದುಡಿಯಬೇಕು, ಸೋಮಾರಿತನಕ್ಕೆ ಆಸರೆ ಸಿಗದು ಎಂಬ ಬುದ್ಧಿಮಾತೂ ಇತ್ತು. ತೋಟದ ಕೂಲಿಗಳ ಲೈನ್ ಮನೆಯ ಬದುಕನ್ನು ಬಲ್ಲ ಕೊಡಗಿನ ಓದುಗರಿಗೆ ಆ ಧಾಟಿಯ ಪರಿಚಯ ಮಾಡಿಕೊಡಬೇಕಿಲ್ಲ. ರಜೆಯ ಮಸೂದೆ ಸೆನೆಟ್‌ನಲ್ಲಿ ಅವಿರೋಧವಾಗಿ, ಕೆಳಮನೆಯಲ್ಲಿ 415–14ರಲ್ಲಿ ಪಾಸಾಯಿತು. ವಿರೋಧಿಸಿದವರಲ್ಲಿ ಕೆಲವರು ಹೆಸರಿನಲ್ಲಿದ್ದ ‘ಸ್ವಾತಂತ್ರ್ಯ ದಿನ’ ಎಂಬ ಪದಕ್ಕೆ ತಕರಾರು ತೆಗೆದರು. ಅದಕ್ಕೂ ಮೊದಲು ಸರ್ಕಾರಿ ನೌಕರರ ರಜೆಯ ಖರ್ಚಿನ ಲೆಕ್ಕ ಹಾಕಿದವರೂ ಇದ್ದರು. ಮತದಾನದ ಹಕ್ಕಿನ ಮಸೂದೆ ಮೂಲೆಯಲ್ಲಿ ಬಿದ್ದಿರುವಾಗ ರಜೆ ಕೊಟ್ಟು ಕೈ ತೊಳೆದುಕೊಂಡರು ಎಂಬ ದೂರು ಕರಿಯರ ಕಡೆಯಿಂದಲೇ ಬಂತು. ಈ ಮೂರನೆಯ ದೂರೇ ತೂಕದ್ದು. ನಗರದ ಪತ್ರಿಕೆಗಳು ಆ ವಾರ ಗಾಲ್ವೆಸ್ಟನ್ ಬಗ್ಗೆ ಪುಟಗಟ್ಟಲೆ ಬರೆದವು, ಬರೆಯಲಿ. ಅದೇ ಪತ್ರಿಕೆಗಳಿಗೆ ಲೈನ್ ಮನೆ ನೆನಪಾಗುವುದು ಆನೆ ತುಳಿದು ಕೂಲಿಯೊಬ್ಬರು ಸತ್ತಾಗ.

ಇಲ್ಲಿ ಕೇಳಿಬರುವ ಆಕ್ಷೇಪಗಳಲ್ಲಿ ಮೊದಲನೆಯದು, ಕೊಡಗಿಗೆ ಇನ್ನೊಂದು ಸರ್ಕಾರಿ ಆಚರಣೆ ಬೇಡವೆಂಬುದು. 2015ರ ನವೆಂಬರ್‌ನ ಗಲಭೆಯ ಮಡಿಕೇರಿಯನ್ನು ಕಂಡವರಿಗೆ ಆ ಭಯ ಸುಳ್ಳಲ್ಲ. ಆದರೆ ಟಿಪ್ಪು ಜಯಂತಿಯ ಜಗಳ ಒಬ್ಬ ರಾಜನ ಕುರಿತದ್ದು. ಜೀತಮುಕ್ತಿಗೆ ರಾಜನೂ ಇಲ್ಲ, ಮೆರವಣಿಗೆಯ ದಾರಿಯೂ ಇಲ್ಲ. ರಜೆಗಳೇ ಜಾಸ್ತಿಯಾದವು ಎಂಬ ಮಾತು ಕೈಲ್ ಮುಹೂರ್ತ, ತುಲಾ ಸಂಕ್ರಮಣ, ಹುತ್ತರಿಗೆ ಪ್ರತ್ಯೇಕ ಸ್ಥಳೀಯ ರಜೆ ಪಡೆಯುವ ಜಿಲ್ಲೆಯಿಂದ ಬರಬಾರದು. ಜೀತ ಇನ್ನೂ ಇದೆ, ಮುಗಿಯದ್ದಕ್ಕೆ ಮುಕ್ತಿಯ ಹಬ್ಬವೇಕೆ ಎಂಬ ಹೋರಾಟಗಾರರ ಆಕ್ಷೇಪ ಮಾತ್ರ ಗಟ್ಟಿಯಾದುದು.

ಹಬ್ಬಕ್ಕೂ ಜೀತಕ್ಕೂ ಈ ಭಾಗದಲ್ಲಿ ಹಳೆಯ ನಂಟಿದೆ. ಗಡಿಯಾಚೆ ವಯನಾಡಿನ ವಳ್ಳಿಯೂರ್‌ಕಾವು ದೇವಿಯ ಉತ್ಸವದಲ್ಲಿ ಪಣಿಯರನ್ನೂ ಅಡಿಯರನ್ನೂ ಒಂದು ವರ್ಷದ ದುಡಿಮೆಗೆ ಮಾತಾಡಿಕೊಂಡು ಹಣ ಕೊಡುವ ಪದ್ಧತಿ ಕಳೆದ ಶತಮಾನದಲ್ಲೂ ಇತ್ತು. ಆ ಅಡಿಯರೇ ಕೊಡಗಿನಲ್ಲಿ ಯರವರು. ದೇವಿಯ ಮುಂದೆ ಕೊಟ್ಟ ಮಾತು ತಪ್ಪಿದರೆ ಶಾಪ ಎಂಬ ನಂಬಿಕೆ ಬೇಲಿಯ ಕೆಲಸ ಮಾಡುತ್ತಿತ್ತು. ಮೇ ತಿಂಗಳಲ್ಲಿ ಕೊಡಗಿನ ದೇವರಪುರದ ಕುಂಡೆ ಹಬ್ಬದಲ್ಲಿ ಜೇನು ಕುರುಬರೂ ಯರವರೂ ಬಗೆಬಗೆಯ ವೇಷ ಹಾಕಿ, ಸೋರೆ ಬುರುಡೆಯೋ ಪ್ಲಾಸ್ಟಿಕ್ ಡಬ್ಬವೋ ಕೈಗೆ ಸಿಕ್ಕಿದ್ದನ್ನು ಬಡಿಯುತ್ತ, ದಾರಿಹೋಕರನ್ನೂ ಸಾಹುಕಾರರನ್ನೂ ದೇವರನ್ನೂ ಬಾಯ್ತುಂಬ ಬೈಯುತ್ತಾರೆ. ಬೈಸಿಕೊಂಡವರು ನಕ್ಕು ಕಾಸು ಕೊಡುತ್ತಾರೆ. ಮರುದಿನ ಅದೇ ತೋಟ, ಅದೇ ಲೈನು. ವರ್ಷಕ್ಕೊಂದು ದಿನದ ಸಲಿಗೆ ಉಳಿದ ದಿನಗಳ ವ್ಯವಸ್ಥೆಗೆ ಧಕ್ಕೆ ತಾರದು ಎಂಬುದು ಕೊಡಗಿಗೆ ಬಹಳ ಹಿಂದೆಯೇ ಗೊತ್ತಿತ್ತು. ಪ್ರವಾಸೋದ್ಯಮದ ಕರಪತ್ರಗಳು ಇದನ್ನು ಮೋಜೆಂದು ಮಾರುತ್ತವೆ.

ಹಾಗಾಗಿ ಜೀತಮುಕ್ತಿಯ ರಜೆ ಕುಂಡೆ ಹಬ್ಬದ ಸರ್ಕಾರಿ ಆವೃತ್ತಿಯಾಗಬಾರದಾದರೆ ಅದಕ್ಕೆ ಕೂಲಿಯ ಲೆಕ್ಕ ಸೇರಬೇಕು. ತಾರೀಕಿನ ಪ್ರಶ್ನೆಯೂ ಇಲ್ಲೇ ತೀರ್ಮಾನವಾಗುತ್ತದೆ. ಕಾಯ್ದೆ ತಾನು 1975ರ ಅಕ್ಟೋಬರ್ 25ರಿಂದಲೇ ಜಾರಿಗೆ ಬಂದಿದೆಯೆಂದು ಭಾವಿಸತಕ್ಕದ್ದು ಎನ್ನುತ್ತದೆ. ಆ ತಾರೀಕನ್ನೇ ಹಿಡಿಯೋಣವೆಂಬವರಿಗೆ ಕಾನೂನಿನ ಆಧಾರವಿದೆ. ಆದರೆ ಅಕ್ಟೋಬರ್ ಕೊನೆಗೆ ತೋಟಗಳಲ್ಲಿ ಕಾಯಿ ಇನ್ನೂ ಹಸಿರು, ಒಂದು ದಿನ ಆಳು ಬಾರದಿದ್ದರೆ ನಷ್ಟವಿಲ್ಲ. ಫೆಬ್ರುವರಿ 9 ರೊಬಸ್ಟಾ ಕುಯ್ಲಿನ ನಡುವೆ ಬೀಳುತ್ತದೆ. ಹಣ್ಣು ಗಿಡದಲ್ಲೇ ಒಣಗುವ ಹೊತ್ತು, ಹೂಮಳೆ ಯಾವಾಗ ಬಿದ್ದೀತೋ ಎಂದು ಬೆಳೆಗಾರ ಆಕಾಶ ನೋಡುವ ಹೊತ್ತು. ಆಳಿನ ಬೆಲೆ ಒಡೆಯನಿಗೆ ತಿಳಿಯುವ ದಿನ ಅದೇ. ಯಾರ ಲೆಕ್ಕಕ್ಕೂ ತಾಗದ ತಾರೀಕಿಗಿಂತ ತಾಗುವ ತಾರೀಕು ಲೇಸು. ಸಣ್ಣ ಬೆಳೆಗಾರರು ಬೆಲೆ ಕುಸಿತದಲ್ಲಿ, ಅಕಾಲ ಮಳೆಯಲ್ಲಿ ನೊಂದವರೇ ಎಂಬುದನ್ನು ಮರೆಯದೆಯೂ ಈ ಮಾತನ್ನು ಹೇಳಬಹುದು.

ಕುಯ್ಲಿನ ದಿನದ ಸಂಜೆ ತೂಕದ ಹೊತ್ತಿನಲ್ಲಿ ಚೀಲ ತಕ್ಕಡಿಯ ಕೊಕ್ಕೆಗೆ ಏರುತ್ತದೆ. ರೈಟರು ಕಿಲೋ ಓದಿ ಪುಸ್ತಕದಲ್ಲಿ ಬರೆಯುತ್ತಾನೆ. ವಾರದ ಕೊನೆಗೆ ಮುಂಗಡ, ಅಂಗಡಿ ಬಾಕಿ ಕಳೆದು ಉಳಿದದ್ದು ಕೈಗೆ. ಕಿಲೋ ಲೆಕ್ಕದ ಈ ದುಡಿಮೆಗೆ ಸುತ್ತೋಲೆಯ ರಜೆ ಎಂದರೆ ಕೂಲಿ ಖೋತಾ. ಇರುವ ಮನೆಯೂ ತೋಟದ್ದೇ: ಒಂದೇ ಶೀಟಿನ ಕೆಳಗೆ ಸಾಲು ಕೋಣೆಗಳು, ನಡುವೆ ಒಂದೇ ಗೋಡೆ. ಕೆಲಸ ಬಿಟ್ಟರೆ ಮನೆ ಬಿಡಬೇಕು; ವಿಳಾಸವಿಲ್ಲದೆ ಪಡಿತರ ಚೀಟಿ ಮಾಡಿಸುವುದೇ ಒಂದು ಸಾಹಸ. 2016ರಲ್ಲಿ ದಿಡ್ಡಳ್ಳಿಯ ಕಾಡಂಚಿನಲ್ಲಿ ಗುಡಿಸಲು ಹಾಕಿದವರಲ್ಲಿ ಹೀಗೆ ಲೈನ್ ಮನೆಗಳಿಂದ ಹೊರಬಂದ ಆದಿವಾಸಿಗಳು ಬಹಳ. ಆ ಡಿಸೆಂಬರ್‌ನಲ್ಲಿ ಗುಡಿಸಲುಗಳನ್ನು ಕೆಡವಲಾಯಿತು. ಹೋರಾಟದ ನಂತರ ಅಂದಿನ ಸೋಮವಾರಪೇಟೆ ತಾಲ್ಲೂಕಿನ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಪುನರ್ವಸತಿ ಸಿಕ್ಕಿತು. ಅವರನ್ನು ಜೀತದವರೆಂದು ಕರೆಯಬೇಕೇ ಎಂದು ವಾದಿಸುವವರು ಅವರು ಲೈನ್ ಬಿಟ್ಟು ಗುಡಿಸಲಿಗೆ ಬಂದದ್ದೇಕೆ ಎಂಬುದಕ್ಕೆ ಉತ್ತರ ಹೇಳಬೇಕು. ಅವರು ಬಿಟ್ಟ ಲೈನುಗಳಲ್ಲಿ ಈಗ ಅಸ್ಸಾಂ, ಬಂಗಾಳದಿಂದ ಬಂದ ಕುಟುಂಬಗಳಿವೆ. ಈ ಸಂಚಿಕೆಯ ವಿಶೇಷ ಪುಟಗಳು ಲೈನ್ ಮನೆಗಳ ಬದುಕಿಗೆ ಮೀಸಲು.

ರಜೆಗೆ ಬೇಕಾದ ಕಾನೂನಿನ ದಾರಿ ಸಿದ್ಧವಾಗಿದೆ. ಕೈಗಾರಿಕಾ ಸಂಸ್ಥೆಗಳಲ್ಲಿ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕುರಿತ 1963ರ ರಾಜ್ಯ ಕಾಯ್ದೆ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1ರಂದು ಕೂಲಿಸಹಿತ ರಜೆಯನ್ನು ಕಡ್ಡಾಯ ಮಾಡಿದೆ. ಆ ದಿನ ದುಡಿಸಿಕೊಂಡರೆ ಎರಡರಷ್ಟು ಕೂಲಿ, ಇಲ್ಲವೇ ಕೂಲಿಯ ಜೊತೆ ಬದಲಿ ರಜೆ. ಬ್ಯಾಂಕು, ಕಚೇರಿ ಮುಚ್ಚುವ ಅಧಿಸೂಚನೆಗಿಂತ ಇದು ಬೇರೆ ಜಾತಿಯದು. ಫೆಬ್ರುವರಿ 9 ಈ ಪಟ್ಟಿಗೆ ಸೇರಬೇಕು; ಕಿಲೋ ಲೆಕ್ಕದವರಿಗೂ ಮೇಸ್ತ್ರಿಯ ಕೈಕೆಳಗಿನವರಿಗೂ ಅದು ಅನ್ವಯಿಸಬೇಕು. ಗುಮಾಸ್ತರಿಗಷ್ಟೇ ಸಿಗುವ ರಜೆಯಾದರೆ ಅದನ್ನು ವಿರೋಧಿಸುವುದೇ ಸರಿ. ಪಟ್ಟಿಯ ತಿದ್ದುಪಡಿ ವಿಧಾನಮಂಡಲದ ಕೆಲಸ. ಕುಯ್ಲಿನವರ ಹೆಸರು ಹಾಜರಿ ಪುಸ್ತಕದಲ್ಲಿ ಇದೆಯೇ, ಮುಂಗಡದ ಲೆಕ್ಕ ಅವರ ಕೈಗೆ ಸಿಗುತ್ತಿದೆಯೇ ಎಂದು ನೋಡುವುದು ಕಾರ್ಮಿಕ ಇಲಾಖೆಯ ಕೆಲಸ. ಅದಕ್ಕೆ ತಿದ್ದುಪಡಿಯ ದಾರಿ ಕಾಯಬೇಕಿಲ್ಲ.